ಒತ್ತಕ್ಷರ ನೋಡಿ ಫಾಂಟ್ ಆರಿಸಿ

ಮದುವೆ ಕಾರ್ಡಿನ ಮ್ಯಾಟರ್ ಹಿಡಿದು ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಮೊದಲ ಪ್ರಶ್ನೆಯೇ "ನುಡೀಲಿ ಇದೆಯಾ, ಯೂನಿಕೋಡಾ?" ನುಡಿ ಅಂದರೆ ಕನ್ನಡ ಟೈಪ್ ಮಾಡುವ ಒಂದು ತಂತ್ರಾಂಶ, ಯೂನಿಕೋಡ್ ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ. ಇಂಗ್ಲಿಷ್ ಕೆಲಸ ಮಾಡುವವರಿಗೆ ಈ ತಾಪತ್ರಯ ಇಲ್ಲ. ಅವರು ಅಕ್ಷರದ ಅಂದ ನೋಡಿ ಫಾಂಟ್ ಆರಿಸುತ್ತಾರೆ. ನಾವು ಬಹಳ ವರ್ಷ ಸಾಫ್ಟ್‌ವೇರ್ ನೋಡಿ ಆರಿಸಬೇಕಾಯಿತು.

1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದಾಗ ಅದು ಕಲ್ಲಚ್ಚಿನ ಪತ್ರಿಕೆ. ಕೈಬರಹ ಹೇಗಿತ್ತೋ ಹಾಗೇ ಕಲ್ಲಿಗೆ ಇಳಿಯುತ್ತಿತ್ತು, ಒತ್ತಕ್ಷರದ ಚಿಂತೆಯೇ ಇಲ್ಲ. ಕಷ್ಟ ಇದ್ದದ್ದು ಸೀಸದ ಮೊಳೆಗಳಲ್ಲಿ, ಅಂದರೆ ಒಂದೊಂದಾಗಿ ಜೋಡಿಸುವ ಅಚ್ಚಿನ ಅಕ್ಷರಗಳಲ್ಲಿ. ಕಾಗುಣಿತ, ಒತ್ತು ಎಲ್ಲಾ ಸೇರಿ ಕನ್ನಡಕ್ಕೆ ನೂರಾರು ಮೊಳೆ ಬೇಕು. ಅದಕ್ಕೇ ಅಕ್ಷರವನ್ನು ತುಂಡು ಮಾಡಿ ಜೋಡಿಸುವ ಉಪಾಯ ಬಂತು.

ಮಜಾ ಏನಂದ್ರೆ, ಕಂಪ್ಯೂಟರ್ ಬಂದಾಗಲೂ ಅದೇ ಉಪಾಯ! 1998ರಲ್ಲಿ 'ಬರಹ' ಅನ್ನುವ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಹಳೆಯ ನುಡಿ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನುವ ಕಡೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ ಹೀಗೆ 7 ಗುರುತು ಕಾಣುತ್ತವೆ. ಸುಮ್ನೆ ಕಸ ಅಂದುಕೊಳ್ಳಬೇಡಿ. ಪಿ ಅಂದರೆ ತಲೆಕಟ್ಟಿಲ್ಲದ ಕ, ಆ ಗೀಟಿನ ಎ ಅಂದರೆ ತಲೆಕಟ್ಟು. ಮೊಳೆ ಜೋಡಿಸಿದ ಹಾಗೇ, ಅಲ್ವಾ? ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ ಲೆಕ್ಕ ಮತ್ತೆ ಬೇರೆ. ಹಾಗಾಗಿ ಫಾಂಟ್ ಬದಲಿಸಿದರೆ ಅಕ್ಷರವೇ ಬದಲಾಗಿಬಿಡುತ್ತಿತ್ತು.

ಯೂನಿಕೋಡ್‌ನಲ್ಲಿ ಅದೇ ಪದಕ್ಕೆ 5 ಸಂಕೇತ ಸಾಕು. ಒತ್ತನ್ನು ಎಲ್ಲಿ ಕೂರಿಸಬೇಕು ಅನ್ನುವುದು ಫಾಂಟಿನ ಕೆಲಸ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದ ಮೇಲೆ ಮನೆಯ ಕಂಪ್ಯೂಟರುಗಳಲ್ಲಿ ಇದು ಕಾಣತೊಡಗಿತು. ಆದರೆ ಪುಟ ವಿನ್ಯಾಸದ ಪೇಜ್‌ಮೇಕರ್‌ಗೆ, ಫೋಟೋಶಾಪ್‌ನ ಹಳೆಯ ಆವೃತ್ತಿಗಳಿಗೆ ಇದು ತಿಳಿಯುತ್ತಿರಲಿಲ್ಲ. ಸರಿಯಾಗಿ ಟೈಪ್ ಮಾಡಿ ಫೋಟೋಶಾಪ್‌ಗೆ ಅಂಟಿಸಿದರೂ 'ಕನ್‌ನಡ' ಆಗುತ್ತಿತ್ತು. ಪ್ರೆಸ್‌ನವರು ನುಡಿ ಬಿಡಲಿಲ್ಲ ಅಂತ ಬೈಯುವ ಮುಂಚೆ ಇದನ್ನು ನೆನಪಿಡಬೇಕು. ಅವರಿಗೆ ಸಂಜೆಯೊಳಗೆ ಕೆಲಸ ಮುಗಿಯಬೇಕಿತ್ತು.

ಈಗ ಆ ಸಬೂಬು ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಫಾಂಟುಗಳ ರಾಶಿಯೇ ಇದ್ದರೂ ದಿನಾ ಬಳಸುವುದು ನಾಲ್ಕೇ. ಸಾಮಾನ್ಯ ಕೆಲಸಕ್ಕೆ ನೋಟೋ ಸ್ಯಾನ್ಸ್ ಕನ್ನಡ. ಪುಸ್ತಕದ ಪುಟಕ್ಕೆ ಟೈರೋ ಕನ್ನಡ, ಅದರಲ್ಲಿ ದಪ್ಪ ಸಪೂರಗಳ ಏರಿಳಿತ ಚೆನ್ನಾಗಿದೆ. ಪೋಸ್ಟರಿಗೆ ಏಕ್ ಟೈಪ್ ಅನ್ನುವ ಫಾಂಟ್ ತಯಾರಕರ ಅನೇಕ್ ಕನ್ನಡ, ಜಾಗ ಕಮ್ಮಿ ಇದ್ದರೆ ಅಕ್ಷರವನ್ನೇ ಸಪೂರ ಮಾಡಬಹುದು. ಮಕ್ಕಳ ಕಾರ್ಯಕ್ರಮ ಅಂದರೆ ಗುಂಡುಗುಂಡಾದ ಬಲೂ ತಮ್ಮ. ನಾಲ್ಕೂ ಉಚಿತ. ಬಲೂ ತಮ್ಮದಲ್ಲಿ ಇಡೀ ಪುಟ ಓದಿಸಬೇಡಿ, ಅಷ್ಟೇ.

ಹೊಸ ಫಾಂಟ್ ಸಿಕ್ಕಾಗ ನಾನು 'ಅ ಆ ಇ ಈ' ಬರೆದು ನೋಡುವುದಿಲ್ಲ. ಅದರಲ್ಲಿ ಎಲ್ಲ ಫಾಂಟೂ ಚೆಂದವೇ. 'ರಾಷ್ಟ್ರೀಯ', 'ಕೃಷ್ಣ', 'ಹರ್ಷ' ಬರೆಯುತ್ತೇನೆ, ಅದೂ ಎರಡು ಸಾಲು. ಈ ಬುದ್ಧಿ ಬಂದದ್ದು ಒಂದು ಬ್ಯಾನರಿನಿಂದ. 'ಶಾಸ್ತ್ರೀಯ ಸಂಗೀತ' ಅಂತ ದೊಡ್ಡದಾಗಿ ಹಾಕಿ, ಕೆಳಗಿನ ಸಾಲನ್ನು ಇಂಗ್ಲಿಷಿನ ಅಂದಾಜಲ್ಲಿ ಹತ್ತಿರ ಇಟ್ಟಿದ್ದೆ. ಪ್ರಿಂಟ್ ಆಗಿ ಬಂದಾಗ ಮೇಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡು ಹೊಸ ಲಿಪಿಯೇ ಹುಟ್ಟಿತ್ತು! ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕೇ ಬೇಕು.

ಪ್ರೆಸ್‌ಗೆ ಮಾತ್ರ ಇವತ್ತಿಗೂ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಬರೀ ಚಿತ್ರದ ಗೆರೆಗಳಾಗಿ ಬದಲಿಸಿಯೇ ಕಳಿಸುತ್ತೇನೆ. ಅಲ್ಲಿ ಯಾವ ಫಾಂಟ್ ಇದೆಯೋ ಯಾರಿಗೆ ಗೊತ್ತು? ಕರ್ವ್ ಆದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಅದಕ್ಕೇ ಮೊದಲು ಅಮ್ಮನ ಕೈಗೆ ಒಂದು ಪ್ರಿಂಟ್ ಕೊಡುತ್ತೇನೆ.