ಗುಜರಿಯಲ್ಲಿ ಅಡಗಿದ ಸೀಸವನ್ನು ಲೇಸರ್ ಹಿಡಿಯುವ ಬಗೆ

ಗುಜರಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವವರಿಗೆ, ಅದು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಾಗಲಿ ಬೇರೆ ಊರಿನದಾಗಲಿ, ಸೀಸದ ಭಯ ಇದ್ದದ್ದೇ. ಬೂದು ಎರಕದ ಕಬ್ಬಿಣದಲ್ಲಿ ಶೇ. 0.005ರಷ್ಟು, ಅಂದರೆ ಟನ್ನಿಗೆ 50 ಗ್ರಾಂ ಸೀಸ ಸೇರಿದರೂ ಅದರೊಳಗಿನ ಗ್ರಾಫೈಟ್ ಪದರಗಳ ಆಕಾರ ಕೆಟ್ಟು, ಕಾಸ್ಟಿಂಗಿನ ಬಲ ಕುಗ್ಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಇಂಥ ಅಲ್ಪಾಂಶವನ್ನು ಹುಡುಕುವ ಒಂದು ವಿಧಾನದಲ್ಲಿ, ಕೆಲವೇ ನ್ಯಾನೋಸೆಕೆಂಡುಗಳ ಲೇಸರ್ ಮಿಡಿತವನ್ನು ಮಸೂರದ ಮೂಲಕ ಲೋಹದ ಮೇಲಿನ ಒಂದು ಚುಕ್ಕೆಗೆ ಹಾಯಿಸುತ್ತಾರೆ. ಅಲ್ಲಿನ ಕಣದಷ್ಟು ಲೋಹ ಆವಿಯಾಗಿ, 10,000 ಡಿಗ್ರಿಗೂ ಹೆಚ್ಚು ಬಿಸಿಯಾದ ಪ್ಲಾಸ್ಮಾ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಅನಿಲ, ಆಗುತ್ತದೆ. ಹುಟ್ಟಿದ ಕ್ಷಣದಲ್ಲಿ ಅದು ಎಲ್ಲ ಬಣ್ಣಗಳಲ್ಲೂ ಒಟ್ಟಿಗೇ ಉರಿಯುವುದರಿಂದ ಯಾವ ಧಾತುವಿನ ಗುರುತೂ ಸಿಗುವುದಿಲ್ಲ. ಸುಮಾರು ಒಂದು ಮೈಕ್ರೋಸೆಕೆಂಡ್ ಕಾದು ನೋಡಿದರೆ ಆ ಪ್ರಭೆ ಇಳಿದು, ಪ್ರತಿ ಧಾತುವೂ ತನಗೇ ಮೀಸಲಾದ ತರಂಗಾಂತರಗಳಲ್ಲಿ ಸೂಸುವ ಬೆಳಕು ರೋಹಿತದಲ್ಲಿ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಯಲ್ಲಿ) ಗೆರೆಗಳಾಗಿ ಮೂಡುತ್ತದೆ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ಮಣ್ಣಿನಲ್ಲಿ ಗಂಧಕವನ್ನು ಗುರುತಿಸಿದ್ದು ಹೀಗೆಯೇ.

ಆದರೆ ಚಂದ್ರನ ಮಣ್ಣಿಗಿಂತ ಕಬ್ಬಿಣದಲ್ಲಿ ಹುಡುಕಾಟ ಇನ್ನೂ ಪೇಚಿನದು ಎನ್ನಬೇಕು. ಕಬ್ಬಿಣ ಒಂದರ ರೋಹಿತದಲ್ಲೇ ಸಾವಿರಾರು ಗೆರೆಗಳಿವೆ. ಸೀಸದ ಮುಖ್ಯ ಗೆರೆ 405.8 ನ್ಯಾನೋಮೀಟರಿನಲ್ಲಿದ್ದು, ಅದರ ಒತ್ತಿನಲ್ಲೇ ಕಬ್ಬಿಣ ಮತ್ತು ಮ್ಯಾಂಗನೀಸಿನ ಗೆರೆಗಳಿರುವುದರಿಂದ, ಕೈಯಲ್ಲಿ ಹಿಡಿಯುವ ಲೇಸರ್ ಗನ್ನಿಗೆ ಶೇ. 0.005ರಷ್ಟು ಸೀಸವನ್ನು ನಂಬಿಕೆಯಿಂದ ಅಳೆಯುವುದು ಕಷ್ಟ.

ಹಾಗೆಂದು ಗನ್ ನಿರುಪಯೋಗಿಯಲ್ಲ. ಭಟ್ಟಿಯಲ್ಲಿ ಅಲ್ಪಾಂಶವಾಗುವ ಸೀಸ, ಅದನ್ನು ಹೊತ್ತು ತಂದ ತುಂಡಿನಲ್ಲಿ ಅಷ್ಟು ಅಲ್ಪವಾಗಿರುವುದಿಲ್ಲ. ಲೇತಿನಲ್ಲಿ ಸುಲಭವಾಗಿ ಕಡಿಯಲೆಂದು ಸೀಸ ಬೆರೆಸಿದ ಉಕ್ಕಿನಲ್ಲಿ ಅದು ಸಾಮಾನ್ಯವಾಗಿ ಶೇ. 0.15ರಿಂದ 0.35ರವರೆಗೆ ಇರುತ್ತದೆ. ಶೇ. 0.25 ಸೀಸವಿರುವ ಇಪ್ಪತ್ತು ಕಿಲೋ ತುಂಡುಗಳು ಒಂದು ಟನ್ ಗುಜರಿಯಲ್ಲಿ ಸೇರಿದರೆ 50 ಗ್ರಾಂ ಸೀಸ ಬಂದಂತಾಯಿತು. ಕರಗುವಾಗ ಒಂದಿಷ್ಟು ಆವಿಯಾಗಿ ಹೋದರೂ ಉಳಿದದ್ದೇನೂ ಕಡಿಮೆಯಲ್ಲ. ಅಂಥ ತುಂಡುಗಳನ್ನು ಲಾರಿಯಿಂದ ಇಳಿಸುವಾಗಲೇ ಬೇರ್ಪಡಿಸುವುದು ಗನ್ನಿನ ಕೆಲಸ. ಕರಗಿದ ಕಬ್ಬಿಣದ ಲೆಕ್ಕಕ್ಕೆ ಮಾತ್ರ, ತಾಮ್ರದ ಅಚ್ಚಿನಲ್ಲಿ ಹೊಯ್ದು ತಟ್ಟನೆ ತಣಿಸಿದ ಬಿಲ್ಲೆಯನ್ನು ಉಜ್ಜಿ, ಲೇಸರಿನ ಬದಲು ವಿದ್ಯುತ್ ಕಿಡಿ ಹಾರಿಸಿ ಅದರ ಬೆಳಕನ್ನು ಅಳೆಯುವ ಸ್ಪಾರ್ಕ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡುವುದೇ ಸರಿ.

ಇನ್ನೊಂದು ಮಾತು: ಅಳತೆಗೆ ಮೊದಲು ತುಕ್ಕು, ಬಣ್ಣಗಳನ್ನು ಗ್ರೈಂಡರ್ ಹಿಡಿದು ತೆಗೆಯಬೇಕೆಂಬ ನಿಯಮ ಹಳೆಯ ಬಣ್ಣದ ತಗಡಿನ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅಲ್ಲಿ ಸೀಸವಿರುವುದು ಬಣ್ಣದಲ್ಲೇ ಆದ್ದರಿಂದ, ಉಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಗನ್ ಹಿಡಿಯಬೇಕು.