ಹಳೆಯ ಡೀಸೆಲ್ ಮೋಟಾರ್‌ಹೋಮ್‌ನಲ್ಲಿ ಬಿಸಿ ಎಲ್ಲಿ ಕಳೆದುಹೋಗುತ್ತದೆ?

ಇಟಲಿಯ ಸಾಂಗ್ರೊ ಕಣಿವೆಯ ಕಾರ್ಖಾನೆಯಲ್ಲಿ 1981ರಲ್ಲಿ ತಯಾರಾಗತೊಡಗಿದ ಒಂದು ವ್ಯಾನಿಗೆ ಹಲವು ಹೆಸರುಗಳು. ಫಿಯೆಟ್ ಮಾರಿದರೆ ಡುಕಾಟೊ, ಪ್ಯೂಜೊ ಮಾರಿದರೆ ಜೆ5, ಸಿಟ್ರೊಯೆನ್ ಮಾರಿದರೆ ಸಿ25, ಬ್ರಿಟನ್ನಿನಲ್ಲಿ ಟಾಲ್ಬಟ್ ಎಕ್ಸ್‌ಪ್ರೆಸ್. ಸರಕು ಸಾಗಿಸಲು ಹುಟ್ಟಿದ ಈ ವ್ಯಾನಿನ ಮೇಲೆ ಹಾಸಿಗೆ, ಒಲೆ, ಶೌಚಾಲಯ ಎಲ್ಲವನ್ನೂ ಕೂರಿಸಿ ಯುರೋಪಿನ ಎಷ್ಟೋ ಕಂಪನಿಗಳು ಮೋಟಾರ್‌ಹೋಮ್ ಮಾಡಿದವು. ಇಂದಿಗೂ ಕೆಲವು ಓಡುತ್ತಿವೆ. ಚಳಿಗಾಲದಲ್ಲಿ ಇಂಥ ಹಳೆಯ ಗಾಡಿಗಳವರದು ಸಾಮಾನ್ಯವಾದ ಒಂದು ದೂರು: ಎಂಜಿನ್ ಚೆನ್ನಾಗಿದೆ, ಆದರೆ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟರೂ ಕಾಲು ಮರಗಟ್ಟುತ್ತದೆ.

ಈ ಹೀಟರ್‌ಗೆ ತನ್ನದೇ ಆದ ಉರಿ ಇಲ್ಲ. ಎಂಜಿನ್ನನ್ನು ತಂಪಾಗಿಡಲು ಸುತ್ತುವ ಕೂಲೆಂಟ್‌ನ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ, ಫ್ಯಾನು ಅದರ ಮೂಲಕ ಗಾಳಿ ನೂಕುತ್ತದೆ. ಘಾಟಿ ಹತ್ತುವಾಗ ಎಂಜಿನ್ ವಿಪರೀತ ಕಾದರೆ ಅನುಭವಿ ಚಾಲಕರು ಎಸಿ ನಿಲ್ಲಿಸಿ, ಕಿಟಕಿ ಇಳಿಸಿ, ಹೀಟರ್ ಹಾಕುವುದು ಇದೇ ಕಾರಣಕ್ಕೆ. ಎಂಜಿನ್ನಿನ ಪಾಲಿಗೆ ಅದು ಎರಡನೇ ರೇಡಿಯೇಟರ್.

ಹಾಗಾಗಿ ಮೊದಲು ಕೇಳಬೇಕಾದದ್ದು, ಎಂಜಿನ್ನಿನ ಬಳಿ ಕೊಡಲು ಬಿಸಿ ಇದೆಯೇ ಎಂದು. ನಿಂತಲ್ಲೇ ಐಡ್ಲಿಂಗ್‌ನಲ್ಲಿರುವ ಡೀಸೆಲ್ ಎಂಜಿನ್ ಬಲು ಜಿಪುಣ. ಪೆಟ್ರೋಲ್ ಎಂಜಿನ್ ಆಗ ಒಳಬರುವ ಗಾಳಿಯನ್ನೇ ಕಡಿಮೆ ಮಾಡಿಬಿಡುತ್ತದೆ. ಡೀಸೆಲ್ ಹಾಗಲ್ಲ, ಸಿಲಿಂಡರ್ ತುಂಬ ಗಾಳಿ ಎಳೆದುಕೊಂಡು ಅದಕ್ಕೆ ಚಿಟಿಕೆಯಷ್ಟು ಇಂಧನ ಚಿಮ್ಮಿಸುತ್ತದೆ. ಹೆಚ್ಚುವರಿ ಗಾಳಿ ಬಿಸಿಯನ್ನು ಹೊತ್ತು ಸೈಲೆನ್ಸರ್‌ನಿಂದ ಹೊರಟುಹೋಗುತ್ತದೆ. ಐಡ್ಲಿಂಗ್‌ನಲ್ಲಿ ಇಂಥ ಎಂಜಿನ್ ಗಂಟೆಗೆ ಸುಡುವುದು ಒಂದು ಲೀಟರಿಗೂ ಕಡಿಮೆ. ಲೀಟರ್ ಡೀಸೆಲಿನಲ್ಲಿರುವ ಶಕ್ತಿ ಸುಮಾರು 10 ಕಿಲೋವಾಟ್‌ಗಂಟೆ. ಕೂಲೆಂಟ್‌ಗೆ ದಕ್ಕುವುದು ಅದರಲ್ಲಿ ಮೂರನೇ ಒಂದು ಪಾಲಿನ ಆಸುಪಾಸು. ಅದೂ ಎರಡೂವರೆ ಲೀಟರ್ ಎಂಜಿನ್ನಿನ ಎರಕದ ಕಬ್ಬಿಣವನ್ನು ಮೊದಲು ಕಾಯಿಸಬೇಕು. ಗಾಡಿ ನಿಲ್ಲಿಸಿಕೊಂಡು ಬಿಸಿಗಾಗಿ ಕಾಯುವುದು ಡೀಸೆಲ್ ದಂಡ. ಹೊರಟುಬಿಟ್ಟು ಎಂಜಿನ್ನಿಗೆ ಕೆಲಸ ಕೊಟ್ಟರೆ ಬೇಗ ಕಾಯುತ್ತದೆ.

ಹತ್ತಿಪ್ಪತ್ತು ಕಿಲೋಮೀಟರ್ ಓಡಿದರೂ ಉಷ್ಣತೆಯ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟನ್ನು ಅನುಮಾನಿಸಬೇಕು. ಅದರೊಳಗಿನ ಮೇಣ 80 ಡಿಗ್ರಿ ದಾಟಿದ ಮೇಲೆ ಕರಗಿ ಹಿಗ್ಗಿ, ಮುಂದಿನ ದೊಡ್ಡ ರೇಡಿಯೇಟರಿನ ಬಾಗಿಲು ತೆರೆಯುತ್ತದೆ. ಆ ಬಾಗಿಲು ತೆರೆದೇ ಸಿಕ್ಕಿಕೊಂಡರೆ ತಣ್ಣನೆಯ ಹೆದ್ದಾರಿಯಲ್ಲಿ ಎಂಜಿನ್ ಕಾಯುವುದೇ ಇಲ್ಲ. ಅಗ್ಗದ ಬಿಡಿಭಾಗ, ಬದಲಿಸಿದರೆ ಮುಗಿಯಿತು.

ಮುಳ್ಳು ಸರಿಯಾದ ಜಾಗದಲ್ಲಿದ್ದೂ ಕ್ಯಾಬಿನ್ ತಣ್ಣಗಿದ್ದರೆ, ಹೀಟರ್‌ಗೆ ಹೋಗುವ ಎರಡು ಹೋಸ್‌ಗಳನ್ನು ಪರೀಕ್ಷಿಸಬೇಕು. ಅವು ಕೈ ಸುಡುವಷ್ಟು ಕಾದಿರಬಹುದು; ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಒಂದು ಹೋಸ್ ಬಿಸಿ, ಇನ್ನೊಂದು ತಣ್ಣಗೆ ಎಂದಾದರೆ ಹೀಟರ್ ಬಿಸಿಯನ್ನೆಲ್ಲ ಹೀರಿಕೊಂಡಿದೆ ಎಂದು ಖುಷಿಪಡುವಂತಿಲ್ಲ. ಕೂಲೆಂಟ್ ನಿಮಿಷಕ್ಕೆ 6 ಲೀಟರ್ ಹರಿದು ಬರೀ 10 ಡಿಗ್ರಿ ತಣ್ಣಗಾದರೂ ಸುಮಾರು 3.5 ಕಿಲೋವಾಟ್ ಶಾಖ ಸಿಗುತ್ತದೆ. 60 ಡಿಗ್ರಿ ಇಳಿದಿದೆ ಎಂದರೆ ಅದು ತೊಟ್ಟಿಕ್ಕುವಂತೆ ಹರಿಯುತ್ತಿದೆ ಎಂದರ್ಥ. ಬೇಕಾದದ್ದು ಹರಿವು.

ಹರಿವನ್ನು ತಡೆಯುವುದು ಸಾಮಾನ್ಯವಾಗಿ ಮೂರರಲ್ಲೊಂದು. ಹಿಡಿಕೆಯ ಕೇಬಲ್ ಕಳಚಿ ಹೀಟರಿನ ವಾಲ್ವ್ ಮುಚ್ಚಿಕೊಂಡೇ ಇರಬಹುದು. ಏರ್ ಹಿಡಿದಿರಬಹುದು: ಹೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಗುಳ್ಳೆ ಅಲ್ಲೇ ಕೂತುಬಿಡುತ್ತದೆ, ಪಂಪಿಗೆ ಅದನ್ನು ತಳ್ಳಲಾಗುವುದಿಲ್ಲ. ಎಂಜಿನ್ ಹಿಂದಿರುವ ಫೋಕ್ಸ್‌ವ್ಯಾಗನ್ ಟಿ3 ವ್ಯಾನಿನಲ್ಲಂತೂ ಕೂಲೆಂಟ್ ಗಾಡಿಯ ಉದ್ದಕ್ಕೂ ಹರಿಯಬೇಕು, ಏರ್ ತೆಗೆಯಲು ಗಾಡಿಯ ಮೂತಿಯನ್ನೇ ಎತ್ತಿ ನಿಲ್ಲಿಸುತ್ತಾರೆ. ಮೂರನೆಯದು ಕೆಸರು. ವರ್ಷಗಟ್ಟಲೆ ಬದಲಿಸದ ಕೂಲೆಂಟ್, ಗಡಸು ನೀರಿನ ಸುಣ್ಣ, ತುಕ್ಕು ಸೇರಿ ಹೀಟರಿನ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಆಗ ಎಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಹೋಸ್ ಬಿಚ್ಚಿ, ಹರಿವಿಗೆ ಎದುರು ದಿಕ್ಕಿನಿಂದ ಮೆದು ಒತ್ತಡದ ನೀರು ಬಿಟ್ಟು ತೊಳೆಯಬೇಕು. ಡ್ಯಾಶ್‌ಬೋರ್ಡ್ ಕಳಚಿ ಹೊಸ ಹೀಟರ್ ಕೂರಿಸುವ ಮಾತು ಇದಾದ ನಂತರ. ಬಿಸಿ ಎಂಜಿನ್ನಿನ ಕೂಲೆಂಟ್ ಮುಚ್ಚಳವನ್ನು ಮಾತ್ರ ಯಾವತ್ತೂ ತೆರೆಯಬಾರದು; ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ನಿಂತ ದ್ರವ ಮುಖಕ್ಕೆ ಚಿಮ್ಮುತ್ತದೆ. ಹೊರಬಂದ ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಲೂಬಾರದು. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ.

ಎರಡೂ ಹೋಸ್ ಬಿಸಿ ಇವೆಯೇ? ಹಾಗಿದ್ದರೆ ತೊಂದರೆ ಗಾಳಿಯ ಕಡೆಗಿದೆ. ಫ್ಯಾನು ಅತಿ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ಅದು ಸರಿಯಿದ್ದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಫ್ಲ್ಯಾಪ್‌ಗಳನ್ನು ನೋಡಬೇಕು. ಹೊರಗಾಳಿ ತಣ್ಣಗಿದೆ ಎಂದು ಅದರ ಫ್ಲ್ಯಾಪ್ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವವರುಂಟು. ಗಾಜು ಮಂಜಾಗುವುದು ಆಗಲೇ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹಿಡಿಯಬಲ್ಲದ್ದು 5 ಗ್ರಾಂಗೂ ಕಡಿಮೆ ನೀರಾವಿ. ಅದನ್ನೇ 20 ಡಿಗ್ರಿಗೆ ಕಾಯಿಸಿದರೆ ಹಿಡಿಯುವ ಶಕ್ತಿ 17 ಗ್ರಾಂಗೆ ಏರುತ್ತದೆ. ಹೊರಗೆ ಮಳೆ ಹನಿಯುತ್ತಿದ್ದರೂ, ಕಾದು ಒಳಬಂದ ಆ ಗಾಳಿ ಒಣಗಾಳಿಯೇ. ಗಾಜಿನ ತೇವವನ್ನು ಹೀರಿಬಿಡುತ್ತದೆ. ಹಾಗೆ ಮಾಡಿಯೂ ಗಾಜಿನ ಮೇಲೆ ಜಿಡ್ಡು ಕೂತು ಸಿಹಿ ವಾಸನೆ ಬಂದರೆ ಹೀಟರೇ ಸೋರುತ್ತಿದೆ. ಆಗ ಡ್ಯಾಶ್‌ಬೋರ್ಡ್ ಕಳಚದೆ ವಿಧಿಯಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಚಳಿ ಹೋಗದ ಗಾಡಿಗಳಿವೆ. ಸರಕು ವ್ಯಾನಿನಲ್ಲಿ ಸೀಟಿನ ಹಿಂದೆ ಸಾಮಾನ್ಯವಾಗಿ ಉಕ್ಕಿನ ತಡೆಗೋಡೆ ಇರುತ್ತದೆ. ಹೀಟರ್ ಕಾಯಿಸಬೇಕಾದದ್ದು ಅದರ ಮುಂದಿನ ಕೆಲವೇ ಘನ ಮೀಟರ್ ಗಾಳಿ. ಮೋಟಾರ್‌ಹೋಮ್ ಮಾಡುವಾಗ ಹಿಂದಕ್ಕೆ ಓಡಾಡಲೆಂದು ಆ ಗೋಡೆ ಇಲ್ಲದಂತೆ ಮಾಡುತ್ತಾರೆ. ಕಾದ ಗಾಳಿ ಮೇಲೇರಿ, ತಲೆಯ ಮೇಲಿನ ಹಾಸಿಗೆಯ ಗೂಡು ಸೇರಿ, ಹಿಂದಿನ ಕೋಣೆಗೆ ಹರಡುತ್ತದೆ. ಅಲ್ಲಿ ತಣ್ಣಗಾದದ್ದು ನೆಲದ ಮೇಲೆ ಜಾರುತ್ತ ಚಾಲಕನ ಕಾಲಿಗೇ ವಾಪಸಾಗುತ್ತದೆ. ಯಾವ ಬಿಡಿಭಾಗ ಬದಲಿಸಿದರೂ ಇದು ತಪ್ಪದು. ಸೀಟುಗಳ ಹಿಂದೆ, ಚಾವಣಿಯಿಂದ ನೆಲ ಮುಟ್ಟುವಂತೆ ಒಂದು ದಪ್ಪ ಪರದೆ ಎಳೆದರೆ ಹಳೆಯ ಗೋಡೆಯ ಕೆಲಸವನ್ನು ಬಹುಪಾಲು ಅದೇ ಮಾಡುತ್ತದೆ. ಹಿಂದೆ ಪ್ರಯಾಣಿಕರು ಕೂತಿದ್ದರೆ ಪರದೆ ಎಳೆಯುವಂತಿಲ್ಲ. ಅವರಿಗೆ ಅದೇ ಕೂಲೆಂಟ್‌ನಿಂದ ನಡೆಯುವ ಎರಡನೇ ಹೀಟರನ್ನೋ, ಟ್ಯಾಂಕಿನ ಡೀಸೆಲ್ ಸುಡುವ ಪ್ರತ್ಯೇಕ ಹೀಟರನ್ನೋ ಹಾಕಿಸಬೇಕಾಗುತ್ತದೆ.