ರೆಕ್ಕೆ ಕಡಿಮೆ, ವೇಗ ಜಾಸ್ತಿ: ಅಸ್ಕೋವ್ ಶಾಲೆಯ ಪಾಠ

ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಮೂರೇ ರೆಕ್ಕೆ ಯಾಕೆ? ಇನ್ನೂ ನಾಲ್ಕು ಸೇರಿಸಿದರೆ ಕರೆಂಟ್ ಜಾಸ್ತಿ ಬರುತ್ತಿತ್ತು, ಅಲ್ವಾ? ಇಲ್ಲ, ಬರುತ್ತಿರಲಿಲ್ಲ. ಸುಮಾರು 125 ವರ್ಷಗಳ ಹಿಂದೆಯೇ ಇದನ್ನು ಪ್ರಯೋಗ ಮಾಡಿ ತೋರಿಸಿದವರು ಡೆನ್ಮಾರ್ಕಿನ ಅಸ್ಕೋವ್ ಎಂಬ ಹಳ್ಳಿಯ ಮೇಷ್ಟ್ರು, ಪೌಲ್ ಲಾ ಕೂರ್.

ಲಾ ಕೂರ್ ಮೊದಲು ಹವಾಮಾನ ವಿಜ್ಞಾನಿ. ಆ ಕೆಲಸ ಬಿಟ್ಟು 1878ರಲ್ಲಿ ಹಳ್ಳಿಯ ಯುವಕರಿಗೆ ಕಲಿಸುವ ಶಾಲೆಗೆ ಬಂದರು. ಕರೆಂಟ್ ಪಟ್ಟಣಗಳಿಗಷ್ಟೇ ಸಿಕ್ಕರೆ ಹಳ್ಳಿಗಳು ಬರಿದಾಗುತ್ತವೆ ಎಂಬ ಚಿಂತೆ ಅವರಿಗಿತ್ತು. 1891ರಲ್ಲಿ ಸರ್ಕಾರದ ನೆರವು ಪಡೆದು ಪ್ರಯೋಗಕ್ಕೆಂದೇ ಒಂದು ಗಾಳಿಯಂತ್ರ ಕಟ್ಟಿಸಿದರು. ಗಾಳಿ ಬೀಸದ ದಿನ ಏನು ಮಾಡುವುದು? ಬೀಸಿದ ದಿನ ಬಂದ ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ ಕೂಡಿಟ್ಟರು. 1895ರಿಂದ ಕೆಲವು ವರ್ಷ ಶಾಲೆಯ ದೀಪಗಳು ಉರಿದದ್ದು ಅದರಿಂದಲೇ! ಈಗ ಎಲ್ಲರ ಬಾಯಲ್ಲಿರುವ ಹಸಿರು ಹೈಡ್ರೋಜನ್ ಅಷ್ಟು ಹಳೆಯದು.

ಆಮೇಲೆ ಅವರು ಕೊಳವೆಯೊಳಗೆ ಗಾಳಿ ಹಾಯಿಸಿ, ಪುಟ್ಟ ಪುಟ್ಟ ರೆಕ್ಕೆಗಳನ್ನಿಟ್ಟು ಅಳೆದರು. ರೆಕ್ಕೆ ಕಡಿಮೆಯಿದ್ದು ಬೇಗ ತಿರುಗಿದರೆ ಒಳ್ಳೆಯದೆಂದು ಗೊತ್ತಾಯಿತು. ಹೆಚ್ಚು ರೆಕ್ಕೆಯ ಚಕ್ರ ನಿಧಾನವಾಗಿ, ಬಲವಾಗಿ ತಿರುಗುತ್ತದೆ. ಬಾವಿಯ ನೀರೆತ್ತಲು ಅದು ಸರಿ. ಆದರೆ ಬಲವಾಗಿ ತಿರುಗಿಸುವ ಗಾಳಿ ತಾನೂ ಸುತ್ತತೊಡಗುತ್ತದೆ. ಆ ಸುತ್ತಾಟದಲ್ಲಿ ಹೋದ ಶಕ್ತಿ ನಮಗೆ ಸಿಗುವುದಿಲ್ಲ. ಜನರೇಟರಿಗೆ ಬೇಕಾದದ್ದೂ ವೇಗವೇ.

ಲಾ ಕೂರ್ ಇಷ್ಟಕ್ಕೇ ನಿಲ್ಲಲಿಲ್ಲ. ಹಳ್ಳಿಯ ಹುಡುಗರಿಗೆ ವಿದ್ಯುತ್ ಕೆಲಸದ ತರಬೇತಿ ಶುರು ಮಾಡಿದರು. ನನಗೆ ಅವರ ಎಲ್ಲ ಪ್ರಯೋಗಗಳಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ. 1904ರಲ್ಲಿ ಆ ತರಬೇತಿ ಪಡೆದವರಲ್ಲಿ ಯೊಹಾನೆಸ್ ಯೂಲ್ ಒಬ್ಬರು. ಅರ್ಧ ಶತಮಾನದ ನಂತರ, 1957ರಲ್ಲಿ, ಗೆಡ್ಸರ್ ಎಂಬಲ್ಲಿ ಅವರು ನಿಲ್ಲಿಸಿದ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರ ಸುಮಾರು ಹತ್ತು ವರ್ಷ ಕೆಲಸ ಮಾಡಿತು.

ಅದರ ಜಾಣತನ ನೋಡಿ. ಬಿರುಗಾಳಿ ಬಂದರೆ ಯಂತ್ರ ಮುರಿಯಬಾರದು. ಯೂಲ್ ರೆಕ್ಕೆಗಳನ್ನು ಹೊರಳದಂತೆ ಚಕ್ರಕ್ಕೆ ಬಿಗಿದರು. ಚಕ್ರದ ವೇಗ ಏರದಂತೆ ಗ್ರಿಡ್ಡಿಗೆ, ಅಂದರೆ ಊರೂರಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಜನರೇಟರೇ ತಡೆಯುತ್ತದೆ. ಚಕ್ರದ ವೇಗ ಅಷ್ಟೇ ಇದ್ದು ಗಾಳಿಯ ವೇಗ ಏರಿದಾಗ, ರೆಕ್ಕೆಗೆ ಗಾಳಿ ತಾಗುವ ಕೋನ ಹೆಚ್ಚುತ್ತದೆ. ಬಸ್ಸಿನ ಕಿಟಕಿಯಾಚೆ ಅಂಗೈಯನ್ನು ತುಸು ವಾಲಿಸಿದರೆ ಗಾಳಿ ಕೈಯನ್ನು ಮೇಲಕ್ಕೆತ್ತುತ್ತದೆ. ತೀರಾ ವಾಲಿಸಿದರೆ ಎತ್ತುವುದು ನಿಂತು ಬರೀ ಹಿಂದಕ್ಕೆ ತಳ್ಳುತ್ತದೆ. ರೆಕ್ಕೆಯಲ್ಲೂ ಹಾಗೇ. ಕೋನ ಮಿತಿ ಮೀರಿದಾಗ ಬೆನ್ನಿಗೆ ಅಂಟಿ ಹರಿಯುವ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ, ಚಕ್ರವನ್ನು ತಿರುಗಿಸುವ ಆ ಎತ್ತುವ ಬಲ ತಗ್ಗುತ್ತದೆ. ಗಾಳಿಯ ಅಬ್ಬರವೇ ಯಂತ್ರದ ಅಬ್ಬರಕ್ಕೆ ಕಡಿವಾಣ! ಕಂಪ್ಯೂಟರ್ ಬೇಡ, ಸೆನ್ಸರ್ ಬೇಡ. ಗ್ರಿಡ್ ಕೈಕೊಟ್ಟು ಚಕ್ರ ಹುಚ್ಚೆದ್ದರೆ ಇರಲಿ ಎಂದು ರೆಕ್ಕೆಯ ತುದಿಯಲ್ಲೇ ಬ್ರೇಕ್ ಇಟ್ಟಿದ್ದರು. ಈಗಿನ ದೈತ್ಯ ಯಂತ್ರಗಳು ರೆಕ್ಕೆಯನ್ನೇ ಹೊರಳಿಸುತ್ತವೆ, ಆದರೆ 1980ರ ದಶಕದ ಡೆನ್ಮಾರ್ಕ್ ಯಂತ್ರಗಳು ಹೆಚ್ಚಾಗಿ ಯೂಲ್ ದಾರಿಯಲ್ಲೇ ನಡೆದವು.

ಅದೇ ಹೊತ್ತಿಗೆ ಜರ್ಮನಿ ಒಮ್ಮೆಲೇ 3 ಮೆಗಾವ್ಯಾಟಿನ ಗ್ರೋವಿಯಾನ್ ಯಂತ್ರ ಕಟ್ಟಿತು. 1983ರಲ್ಲಿ ಶುರುವಾದ ಅದು ಕೆಲವು ನೂರು ಗಂಟೆ ಓಡಿ, ಬಿರುಕು ಬಿಟ್ಟು ನಿಂತಿತು. ಡೆನ್ಮಾರ್ಕಿನಲ್ಲಿ ಬಡಗಿಗಳು, ಕೃಷಿ ಯಂತ್ರ ಮಾಡುವವರು ಸಣ್ಣ ಯಂತ್ರಗಳಿಂದ ಶುರು ಮಾಡಿದರು. 1978ರಲ್ಲಿ ರಿಸೊ ಎಂಬಲ್ಲಿ ಪರೀಕ್ಷಾ ಕೇಂದ್ರ ಬಂತು. ಮರುವರ್ಷದಿಂದ ಸರ್ಕಾರ ಶೇ 30ರಷ್ಟು ಸಹಾಯಧನ ಕೊಟ್ಟಿತು, ಆದರೆ ರಿಸೊ ಒಪ್ಪಿದ ಯಂತ್ರಕ್ಕೆ ಮಾತ್ರ. ಹೀಗೆ ಕಮ್ಮಾರರ ಕೈಚಳಕಕ್ಕೆ ಎಂಜಿನಿಯರುಗಳ ಲೆಕ್ಕಾಚಾರ ಜೊತೆಯಾಯಿತು. ಅಲ್ಲಿ ಬೆಳೆದ ವೆಸ್ಟಾಸ್ ಇವತ್ತು ಜಗತ್ತಿನ ದೊಡ್ಡ ಗಾಳಿಯಂತ್ರ ಕಂಪನಿಗಳಲ್ಲಿ ಒಂದು.

ಚೆನ್ನೈನಲ್ಲಿ 1998ರಲ್ಲಿ ಹುಟ್ಟಿದ ನಮ್ಮ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಗೂ, ತಮಿಳುನಾಡಿನ ಕಯತಾರಿನಲ್ಲಿರುವ ಅದರ ಪರೀಕ್ಷಾ ಕೇಂದ್ರಕ್ಕೂ ಡೆನ್ಮಾರ್ಕ್ ನೆರವು ಕೊಟ್ಟಿತ್ತು. ಗಾಳಿ ನಮ್ಮ ಗದಗ, ಚಿತ್ರದುರ್ಗದಲ್ಲೂ ಧಾರಾಳವಾಗಿದೆ. ಅಲ್ಲಿನ ಐಟಿಐ, ಪಾಲಿಟೆಕ್ನಿಕ್‌ಗಳ ಅಂಗಳದಲ್ಲೇ ಒಂದೊಂದು ಸಣ್ಣ ಗಾಳಿಯಂತ್ರ ನಿಲ್ಲಿಸಿ, ಮಕ್ಕಳು ಅದನ್ನು ಬಿಚ್ಚಿ, ಅಳೆದು, ಮತ್ತೆ ಜೋಡಿಸಲಿ ಎಂಬುದು ನನ್ನ ಆಸೆ.